ಶಕ್ತಿಯ ಲೆಕ್ಕ ಬೇರೆ, ವೇಗದ ಲೆಕ್ಕ ಬೇರೆ: ರಾಸಾಯನಿಕ ಕ್ರಿಯೆಯ ಒಳಗೆ ಏನು ನಡೆಯುತ್ತದೆ?

ಲಿಥಿಯಂ ಬ್ಯಾಟರಿ ಹೊತ್ತಿ ಉರಿದ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ. ಎರಡು ವರ್ಷ ಜೇಬಿನಲ್ಲಿ, ಮೇಜಿನ ಮೇಲೆ, ದಿಂಬಿನ ಪಕ್ಕದಲ್ಲಿ ತಣ್ಣಗೆ ಬಿದ್ದಿದ್ದ ವಸ್ತು ಎರಡೇ ನಿಮಿಷದಲ್ಲಿ ಬೆಂಕಿಯುಂಡೆಯಾಗಿದ್ದು ಹೇಗೆ? ಅಷ್ಟು ಶಕ್ತಿ ಅದರೊಳಗೆ ಮೊದಲೇ ಇತ್ತು ಎಂದಾದರೆ ಇಷ್ಟು ದಿನ ಯಾಕೆ ಸುಮ್ಮನಿತ್ತು? ಇರಲಿಲ್ಲ ಎಂದಾದರೆ ಒಮ್ಮೆಲೇ ಎಲ್ಲಿಂದ ಬಂತು?

ಶಕ್ತಿ ಮೊದಲಿನಿಂದಲೂ ಇತ್ತು. ಅದು ಹೊರಬರುವ ದಾರಿಯಲ್ಲಿ ಒಂದು ಅಡ್ಡಿ ಇತ್ತು, ಅಷ್ಟೆ. ಈ ಅಡ್ಡಿ ಏನು, ಅದನ್ನು ದಾಟುವುದು ಹೇಗೆ, ಯಾವುದು ಅದನ್ನು ತಗ್ಗಿಸುತ್ತದೆ ಎಂಬುದು ಗೊತ್ತಾದರೆ ಬ್ಯಾಟರಿ ಮಾತ್ರವಲ್ಲ, ಬೆಂಕಿಕಡ್ಡಿ, ತುಕ್ಕು, ವಜ್ರ, ಗೊಬ್ಬರದ ಕಾರ್ಖಾನೆ ಎಲ್ಲವೂ ಒಂದೇ ಎಳೆಯಲ್ಲಿ ಅರ್ಥವಾಗುತ್ತವೆ.

ಎರಡು ಪ್ರಶ್ನೆ, ಎರಡು ಉತ್ತರ

ಯಾವುದೇ ರಾಸಾಯನಿಕ ಕ್ರಿಯೆಯ ಬಗ್ಗೆ ಎರಡು ಪ್ರಶ್ನೆ ಕೇಳಬೇಕು. ಒಂದು: ಈ ಕ್ರಿಯೆಯಲ್ಲಿ ಒಟ್ಟು ಎಷ್ಟು ಶಕ್ತಿ ಹೊರಬರುತ್ತದೆ ಅಥವಾ ಒಳಹೋಗುತ್ತದೆ? ಇನ್ನೊಂದು: ಇದು ಎಷ್ಟು ಬೇಗ ನಡೆಯುತ್ತದೆ? ಮೊದಲನೆಯದಕ್ಕೆ ಉತ್ತರ ಗೊತ್ತಾದ ಮಾತ್ರಕ್ಕೆ ಎರಡನೆಯದು ಗೊತ್ತಾಗುವುದಿಲ್ಲ. ಈ ವಿಷಯದಲ್ಲಿ ಆಗುವ ಗೊಂದಲಗಳಲ್ಲಿ ಹೆಚ್ಚಿನವು ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಹುಟ್ಟುತ್ತವೆ.

ಕಬ್ಬಿಣ ತುಕ್ಕು ಹಿಡಿಯುವುದನ್ನೇ ನೋಡಿ. ಅದು ಶಾಖ ಬಿಡುವ ಕ್ರಿಯೆ, ಅದೂ ಸಾಕಷ್ಟು ಶಾಖ. ಆದರೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಆ ಶಾಖ ಗಾಳಿಗೆ ಸೋರಿಹೋಗಿ ಕೈಗೆ ತಾಗುವುದೇ ಇಲ್ಲ. ಅದೇ ಕಬ್ಬಿಣವನ್ನು ನುಣ್ಣನೆ ಪುಡಿಮಾಡಿ, ಉಪ್ಪು, ತೇವ ಮತ್ತು ಇದ್ದಿಲ ಪುಡಿಯ ಜೊತೆ ಚೀಲದಲ್ಲಿಟ್ಟು ಗಾಳಿಗೆ ಒಡ್ಡಿದರೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಚಳಿಯಲ್ಲಿ ಕೈ ಬೆಚ್ಚಗಿಡುವ ಪೊಟ್ಟಣಗಳ ಗುಟ್ಟು ಇಷ್ಟೇ. ಎರಡೂ ಕಡೆ ಹೊರಬರುವ ಶಕ್ತಿಯ ಲೆಕ್ಕ ಹೆಚ್ಚುಕಡಿಮೆ ಒಂದೇ, ಬದಲಾದದ್ದು ವೇಗ.

ಇನ್ನೆರಡು ಪದಗಳನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಶಾಖ ಎಂದರೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿ. ಅದನ್ನು ಜೂಲ್ ಅಥವಾ ಕಿಲೋಜೂಲ್‌ಗಳಲ್ಲಿ ಅಳೆಯುತ್ತೇವೆ. ತಾಪ ಎಂದರೆ ಅಣುಗಳು ಸರಾಸರಿ ಎಷ್ಟು ಜೋರಾಗಿ ಓಡಾಡುತ್ತಿವೆ ಎಂಬುದರ ಗುರುತು, ಅದರ ಅಳತೆ ಡಿಗ್ರಿಗಳಲ್ಲಿ. ದೊಡ್ಡ ತೊಟ್ಟಿಯ ಉಗುರುಬೆಚ್ಚಗಿನ ನೀರಿನಲ್ಲಿ ಕುದಿಯುವ ಒಂದು ಚಮಚ ನೀರಿಗಿಂತ ಹೆಚ್ಚು ಶಕ್ತಿ ಇರುತ್ತದೆ, ಆದರೆ ತಾಪ ಕಡಿಮೆ.

ಶಾಖ ಬರುವುದು ಎಲ್ಲಿಂದ?

ಅಣುವೆಂದರೆ ಬಂಧಗಳಿಂದ ಜೋಡಿಸಿಕೊಂಡ ಪರಮಾಣುಗಳ ಗುಂಪು. ಬಂಧದೊಳಗೆ ಶಕ್ತಿ ತುಂಬಿಟ್ಟಿರುತ್ತದೆ, ಅದನ್ನು ಮುರಿದರೆ ಶಕ್ತಿ ಚಿಮ್ಮುತ್ತದೆ ಎಂಬ ಕಲ್ಪನೆ ಬಹಳ ಕಡೆ ಇದೆ. ಅದು ತಪ್ಪು. ಬಂಧ ಮುರಿಯಲು ಯಾವಾಗಲೂ ಶಕ್ತಿ ಕೊಡಬೇಕು. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಬಿಡಿಸಲು ಕೈ ಶ್ರಮಪಡಬೇಕಲ್ಲ, ಹಾಗೆ. ಬಿಟ್ಟಾಗ ಅವು ಟಕ್ಕೆಂದು ಅಂಟಿಕೊಳ್ಳುವಂತೆ, ಹೊಸ ಬಂಧ ಕೂಡುವಾಗಲೇ ಶಕ್ತಿ ಹೊರಬರುವುದು.

ಹಾಗಾದರೆ ಇದು ಜಮಾ-ಖರ್ಚಿನ ಲೆಕ್ಕ. ಹಳೆಯ ಬಂಧ ಮುರಿಯಲು ಎಷ್ಟು ಕೊಟ್ಟೆವು, ಹೊಸ ಬಂಧ ಕೂಡಿದಾಗ ಎಷ್ಟು ಬಂತು? ಜಲಜನಕ ಉರಿದು ನೀರಾಗುವುದನ್ನು ಲೆಕ್ಕ ಹಾಕಿ ನೋಡೋಣ. ಇಲ್ಲಿ ಎಣಿಕೆ ಮೋಲ್‌ಗಳಲ್ಲಿ. ಹನ್ನೆರಡಕ್ಕೆ ಡಜನ್ ಎನ್ನುವ ಹಾಗೆ, 6.022 ಕೋಟಿ ಕೋಟಿ ಕೋಟಿಯ ನೂರು ಪಟ್ಟು ಕಣಗಳ ಕಟ್ಟಿಗೆ ಒಂದು ಮೋಲ್ ಎಂದು ಹೆಸರು. ಜಲಜನಕದ ಅಣುಗಳಾದರೆ ಅಷ್ಟೂ ಸೇರಿ ತೂಕ ಬರೀ 2 ಗ್ರಾಂ.

ಎರಡು ಮೋಲ್ ಜಲಜನಕಕ್ಕೆ ಒಂದು ಮೋಲ್ ಆಮ್ಲಜನಕ ಬೇಕು. ಜಲಜನಕದ ಒಂದು ಮೋಲ್ ಬಂಧ ಮುರಿಯಲು 436 ಕಿಲೋಜೂಲ್, ಎರಡು ಮೋಲ್‌ಗೆ 872. ಆಮ್ಲಜನಕದ ಬಂಧಕ್ಕೆ 498. ಒಟ್ಟು ಖರ್ಚು 1370. ಈಗ ಎರಡು ಮೋಲ್ ನೀರು ಹುಟ್ಟುತ್ತದೆ. ನೀರಿನ ಒಂದೊಂದು ಅಣುವಿನಲ್ಲೂ ಆಮ್ಲಜನಕ ಮತ್ತು ಜಲಜನಕದ ನಡುವೆ ಎರಡು ಬಂಧ, ಅಂದರೆ ಒಟ್ಟು ನಾಲ್ಕು ಮೋಲ್. ಒಂದಕ್ಕೆ ಸುಮಾರು 463ರಂತೆ 1852 ಕಿಲೋಜೂಲ್ ಜಮಾ. ಕಳೆದರೆ ಉಳಿತಾಯ 482 ಕಿಲೋಜೂಲ್. ಇದೇ ಜ್ವಾಲೆಯ ಶಾಖ. ಒಂದಿಷ್ಟೂ ಪೋಲಾಗದಂತೆ ಹಿಡಿದಿಟ್ಟರೆ, ಬರೀ 4 ಗ್ರಾಂ ಜಲಜನಕದ ಈ ಶಾಖ 20 ಡಿಗ್ರಿಯಲ್ಲಿರುವ ಸುಮಾರು 1.4 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು.

ಹೀಗೆ ಜಮೆ ಹೆಚ್ಚಾಗಿ ಶಾಖ ಹೊರಬರುವ ಕ್ರಿಯೆಗೆ ಬಹಿರುಷ್ಣಕ ಕ್ರಿಯೆ ಎನ್ನುತ್ತಾರೆ. ಖರ್ಚೇ ಹೆಚ್ಚಾಗಿ ಸುತ್ತಲಿನಿಂದ ಶಾಖ ಎಳೆದುಕೊಳ್ಳುವುದು ಅಂತರುಷ್ಣಕ ಕ್ರಿಯೆ. ಸುಣ್ಣದ ಕಲ್ಲು ಸುಟ್ಟು ಸುಣ್ಣವಾಗಲು ಪ್ರತಿ ಮೋಲ್‌ಗೆ 178 ಕಿಲೋಜೂಲ್ ಕೊಡಬೇಕು. ಕಟ್ಟಿಗೆಯಾದರೆ ಒಮ್ಮೆ ಹೊತ್ತಿಸಿದರೆ ಸಾಕು, ತಾನೇ ಉರಿಯುತ್ತದೆ. ಸುಣ್ಣದ ಗೂಡು ಹಾಗಲ್ಲ, ಸುಮಾರು 900 ಡಿಗ್ರಿಯಲ್ಲಿ ಕೊನೆಯ ಕಲ್ಲು ಬೇಯುವ ತನಕ ಉರಿ ಕೊಡುತ್ತಲೇ ಇರಬೇಕು, ನಿಲ್ಲಿಸಿದ ಕ್ಷಣ ಕ್ರಿಯೆಯೂ ನಿಲ್ಲುತ್ತದೆ.

ನಡುವೆ ನಿಂತ ದಿಣ್ಣೆ

ಜಲಜನಕ ಮತ್ತು ಆಮ್ಲಜನಕವನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ ಕೋಣೆಯ ತಾಪದಲ್ಲಿ ಇಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ವರ್ಷಗಟ್ಟಲೆ ಇಟ್ಟರೂ ಒಂದು ಹನಿ ನೀರು ಕಾಣುವುದಿಲ್ಲ. ಒಂದು ಸಣ್ಣ ಕಿಡಿ ತಾಗಿದರೆ ಮಾತ್ರ ಪಾತ್ರೆ ಸಿಡಿಯುತ್ತದೆ.

ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಜಮೆ ಎಷ್ಟೇ ದೊಡ್ಡದಿರಲಿ, ಖರ್ಚು ಮೊದಲು ಆಗಬೇಕು. ಹಳೆಯ ಬಂಧಗಳು ಹಿಗ್ಗಿ ಸಡಿಲಾಗದೆ ಹೊಸದು ಕೂಡುವುದಿಲ್ಲ. ಬೆಟ್ಟದ ನಡುಗಟ್ಟೆಯಲ್ಲಿ ಒಂದು ಬಂಡೆ ಕೂತಿದೆ ಎಂದುಕೊಳ್ಳಿ. ಕೆಳಗೆ ಆಳವಾದ ಕಣಿವೆ, ಆದರೆ ಅಂಚಿನಲ್ಲಿ ಮೊಣಕಾಲೆತ್ತರದ ದಿಣ್ಣೆ. ಯಾರಾದರೂ ಬಂಡೆಯನ್ನು ಆ ದಿಣ್ಣೆ ಹತ್ತಿಸಿ ಆಚೆ ತಳ್ಳಿದರೆ ಮುಂದಿನದ್ದು ತಾನೇ ನಡೆಯುತ್ತದೆ. ದಿಣ್ಣೆಯ ಎತ್ತರಕ್ಕೆ ರಸಾಯನಶಾಸ್ತ್ರದಲ್ಲಿ ಸಕ್ರಿಯಣ ಶಕ್ತಿ ಎಂದು ಹೆಸರು. ಕಣಿವೆಯ ಆಳ ಹೊರಬರುವ ಶಕ್ತಿಯನ್ನು ಹೇಳುತ್ತದೆ, ದಿಣ್ಣೆಯ ಎತ್ತರ ವೇಗವನ್ನು. ಆಳವನ್ನು ನೋಡಿ ಎತ್ತರವನ್ನು ಊಹಿಸಲು ಬರುವುದಿಲ್ಲ.

ವಜ್ರ ಇದಕ್ಕೆ ಒಳ್ಳೆಯ ಸಾಕ್ಷಿ. ನಾವಿರುವ ಒತ್ತಡ, ತಾಪಗಳಲ್ಲಿ ಇಂಗಾಲದ ಸ್ಥಿರ ರೂಪ ವಜ್ರವಲ್ಲ, ಪೆನ್ಸಿಲಿನಲ್ಲಿರುವ ಗ್ರಾಫೈಟ್. ಲೆಕ್ಕದ ಪ್ರಕಾರ ಪ್ರತಿ ವಜ್ರವೂ ಗ್ರಾಫೈಟ್ ಆಗುವ ಕಡೆಗೇ ಇಳಿಜಾರಿನಲ್ಲಿದೆ. ಆದರೆ ಒಂದೊಂದು ಪರಮಾಣುವೂ ನಾಲ್ಕು ಗಟ್ಟಿ ಬಂಧಗಳಲ್ಲಿ ಸಿಕ್ಕಿಕೊಂಡಿರುವುದರಿಂದ ನಡುವಿನ ದಿಣ್ಣೆ ವಿಪರೀತ ಎತ್ತರ. ಕೋಣೆಯ ತಾಪದಲ್ಲಿ ಅದನ್ನು ದಾಟುವ ಪರಮಾಣುಗಳು ಇಲ್ಲವೆಂದೇ ಹೇಳಬೇಕು.

ಬೆಂಕಿಕಡ್ಡಿಯನ್ನು ಗೀರುವಾಗ ನಡೆಯುವುದು ದಿಣ್ಣೆಗಳ ಒಂದು ಸರಪಳಿ. ಕಡ್ಡಿಯ ತಲೆಯಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್, ಅಂದರೆ ಬಿಸಿಯಾದರೆ ಆಮ್ಲಜನಕ ಬಿಡುವ ಲವಣ, ಜೊತೆಗೆ ಗಂಧಕದಂಥ ಇಂಧನ ಮತ್ತು ಅಂಟು. ಪೆಟ್ಟಿಗೆಯ ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕ ಮತ್ತು ಗಾಜಿನ ಪುಡಿ. ಗೀರಿದಾಗ ಗಾಜಿನ ಪುಡಿ ಘರ್ಷಣೆ ಹೆಚ್ಚಿಸಿ ಒಂದು ಚೂರು ಕೆಂಪು ರಂಜಕವನ್ನು ಬಿಸಿ ಮಾಡುತ್ತದೆ, ಅದು ಬಹುಬೇಗ ಹೊತ್ತಿಕೊಳ್ಳುವ ಬಿಳಿ ರಂಜಕವಾಗಿ ಉರಿಯುತ್ತದೆ. ಈ ಪುಟ್ಟ ಉರಿ ತಲೆಯ ಕ್ಲೋರೇಟ್ ಮಿಶ್ರಣವನ್ನು ಅದರ ದಿಣ್ಣೆ ದಾಟಿಸುತ್ತದೆ. ಅಲ್ಲಿ ಬಂದ ದೊಡ್ಡ ಶಾಖ ಮರದ ಕಡ್ಡಿಯನ್ನು ಅದಕ್ಕಿಂತ ಎತ್ತರದ ದಿಣ್ಣೆ ದಾಟಿಸುತ್ತದೆ. ಪಟ್ಟಿ ಸವೆದು ರಂಜಕ ಉದುರಿಹೋದರೆ ಮೊದಲ ಮೆಟ್ಟಿಲೇ ಇಲ್ಲದಂತಾಗಿ ಕಡ್ಡಿ ಎಷ್ಟು ಗೀರಿದರೂ ಹೊತ್ತುವುದಿಲ್ಲ. ತೇವ ಹಿಡಿದಾಗ ಆಗುವುದು ಬೇರೆ: ಹುಟ್ಟಿದ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಮುಗಿದು ಎರಡನೆಯ ದಿಣ್ಣೆಗೆ ಸಾಕಾಗುವುದಿಲ್ಲ.

ದಿಣ್ಣೆ ದಾಟಿಸಲು ಶಾಖವೇ ಆಗಬೇಕೆಂದಿಲ್ಲ. ಜಲಜನಕ ಮತ್ತು ಕ್ಲೋರಿನ್ ಮಿಶ್ರಣ ಕತ್ತಲಲ್ಲಿ ಸುಮ್ಮನಿರುತ್ತದೆ, ಪ್ರಖರ ನೀಲಿ ಬೆಳಕು ಅಥವಾ ಬಿಸಿಲು ಬಿದ್ದರೆ ಸ್ಫೋಟಿಸುತ್ತದೆ. ಕ್ಲೋರಿನ್ ಬಂಧ ಮುರಿಯಲು ಬೇಕಾದ 243 ಕಿಲೋಜೂಲನ್ನು ಬೆಳಕೇ ಕೊಟ್ಟುಬಿಡುತ್ತದೆ. ಎಷ್ಟೋ ರಾಸಾಯನಿಕಗಳನ್ನು ಕಂದು ಬಣ್ಣದ ಬಾಟಲಿಯಲ್ಲಿ ಇಡುವುದು ಇಂಥ ಬೆಳಕನ್ನು ತಡೆಯುವುದಕ್ಕೇ.

ಹತ್ತು ಡಿಗ್ರಿ ಏರಿದರೆ ಏನಾಗುತ್ತದೆ?

ಎರಡು ಅಣುಗಳು ಕ್ರಿಯೆ ನಡೆಸಬೇಕಾದರೆ ಅವು ಮೊದಲು ಡಿಕ್ಕಿ ಹೊಡೆಯಬೇಕು. ಡಿಕ್ಕಿಗಳಿಗೇನೂ ಬರ ಇಲ್ಲ. ಸಾಮಾನ್ಯ ಗಾಳಿಯಲ್ಲಿ ಸಾರಜನಕದ ಒಂದು ಅಣು ಸೆಕೆಂಡಿಗೆ ಸುಮಾರು 470 ಮೀಟರ್ ವೇಗದಲ್ಲಿ ಓಡುತ್ತಾ ಸೆಕೆಂಡಿಗೆ ಕೆಲವು ನೂರು ಕೋಟಿ ಸಲ ಬೇರೆ ಅಣುಗಳಿಗೆ ಬಡಿಯುತ್ತದೆ. ಪ್ರತಿ ಡಿಕ್ಕಿಯೂ ಕ್ರಿಯೆಯಾಗುವಂತಿದ್ದರೆ ಜಗತ್ತಿನ ಕ್ರಿಯೆಗಳೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕಿತ್ತು. ಹಾಗಾಗದಿರಲು ಕಾರಣ, ಡಿಕ್ಕಿ ಸಾಕಷ್ಟು ಜೋರಾಗಿರಬೇಕು ಮತ್ತು ಅಣುಗಳ ಸರಿಯಾದ ಭಾಗಗಳು ಎದುರುಬದುರಾಗಿರಬೇಕು. ಬೀಗದೊಳಕ್ಕೆ ಕೀಲಿಯ ಹಿಡಿಕೆಯನ್ನು ಎಷ್ಟು ಜೋರಾಗಿ ಒತ್ತಿದರೂ ಬೀಗ ತೆರೆಯದಲ್ಲ.

ಬಿಸಿ ಮಾಡಿದರೆ ಕ್ರಿಯೆ ಚುರುಕಾಗುವುದು ಎಲ್ಲರಿಗೂ ಗೊತ್ತು. ಮುರಿದರೆ ಹೊಳೆಯುವ ಪ್ಲಾಸ್ಟಿಕ್ ಕೋಲುಗಳನ್ನು ಬಿಸಿನೀರಿನಲ್ಲಿ ಅದ್ದಿದರೆ ಪ್ರಖರವಾಗಿ ಹೊಳೆದು ಬೇಗ ಆರುತ್ತವೆ, ಮಂಜುಗಡ್ಡೆಯಲ್ಲಿ ಇಟ್ಟರೆ ಮಂಕಾಗಿ ಬಹಳ ಹೊತ್ತು ಬಾಳುತ್ತವೆ. ಆದರೆ ಯಾಕೆ ಎಂಬುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಅಣುಗಳು ಬೇಗ ಓಡಿ ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ’ ಎನ್ನುವುದು, ಅರೆಸತ್ಯ. ಅಂಕಿ ಹಾಕಿ ನೋಡಿದರೆ ಅದರ ಬಡತನ ಗೊತ್ತಾಗುತ್ತದೆ. ತಾಪ 25ರಿಂದ 35 ಡಿಗ್ರಿಗೆ ಏರಿದಾಗ ಅಣುಗಳ ಸರಾಸರಿ ವೇಗ ಹೆಚ್ಚುವುದು ಬರೀ ಶೇ 1.7. ಕ್ರಿಯೆಯ ವೇಗವೋ, ಎಷ್ಟೋ ಸಲ ಇಮ್ಮಡಿಯಾಗುತ್ತದೆ. ಒಂದೂಮುಕ್ಕಾಲು ಶೇಕಡಾದಿಂದ ಇಮ್ಮಡಿ ಹುಟ್ಟಲಾರದು.

ನಿಜವಾದ ಕಾರಣ ಬೇರೆ. ಒಂದೇ ತಾಪದಲ್ಲೂ ಎಲ್ಲ ಅಣುಗಳ ಶಕ್ತಿ ಒಂದೇ ಇರುವುದಿಲ್ಲ. ಹೆಚ್ಚಿನವು ಸರಾಸರಿಯ ಆಸುಪಾಸಿನಲ್ಲಿರುತ್ತವೆ, ಕೆಲವೇ ಕೆಲವು ವಿಪರೀತ ಚುರುಕಾಗಿರುತ್ತವೆ. ದಿಣ್ಣೆ ದಾಟುವುದು ಆ ಬೆರಳೆಣಿಕೆಯವು ಮಾತ್ರ. ಸಕ್ರಿಯಣ ಶಕ್ತಿ ಮೋಲ್‌ಗೆ 50 ಕಿಲೋಜೂಲ್ ಇರುವ ಕ್ರಿಯೆಯಲ್ಲಿ, 25 ಡಿಗ್ರಿಯಲ್ಲಿ ಸಾವಿರ ಕೋಟಿ ಡಿಕ್ಕಿಗಳಿಗೆ ಸುಮಾರು 17 ಮಾತ್ರ ಅಷ್ಟು ಜೋರಾಗಿರುತ್ತವೆ. 35 ಡಿಗ್ರಿಯಲ್ಲಿ ಅದು 33 ಆಗುತ್ತದೆ. ಇಡೀ ಗುಂಪು ಕೂದಲೆಳೆಯಷ್ಟು ಮುಂದೆ ಸರಿದರೂ ತುತ್ತತುದಿಯಲ್ಲಿರುವವರ ಸಂಖ್ಯೆ ಇಮ್ಮಡಿಯಾಗುತ್ತದೆ. ತಾಪಕ್ಕೂ ವೇಗಕ್ಕೂ ಇರುವ ಈ ನಂಟನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಒಂದು ಸಮೀಕರಣವಾಗಿ ಬರೆದರು, ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಸುವುದು ಅದನ್ನೇ.

‘ಹತ್ತು ಡಿಗ್ರಿಗೆ ಎರಡು ಪಟ್ಟು’ ಎಂಬುದು ನಿಯಮವಲ್ಲ, ಅಂದಾಜು. ಅದೇ 25ರಿಂದ 35ಕ್ಕೆ ಏರುವಾಗ ದಿಣ್ಣೆ 100 ಕಿಲೋಜೂಲ್ ಇದ್ದರೆ ವೇಗ ಸುಮಾರು 3.7 ಪಟ್ಟಾಗುತ್ತದೆ. ದಿಣ್ಣೆ ಎತ್ತರವಾದಷ್ಟೂ ಕ್ರಿಯೆ ತಾಪಕ್ಕೆ ಹೆಚ್ಚು ನಾಜೂಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಗೊಬ್ಬರದ ಕಾರ್ಖಾನೆಗೆ ಬಂದಾಗ ಬೇಕಾಗುತ್ತದೆ. ಹಾಗೆಯೇ 50 ಕಿಲೋಜೂಲಿನ ದಿಣ್ಣೆಯನ್ನೇ 227ರಿಂದ 237 ಡಿಗ್ರಿಗೆ ಏರುವಾಗ ನೋಡಿದರೆ ಹೆಚ್ಚಳ ಬರೀ 1.27 ಪಟ್ಟು. ಆಗಲೇ ಬಿಸಿ ಇರುವ ಕಡೆ ಇನ್ನೂ ಹತ್ತು ಡಿಗ್ರಿಯ ಪರಿಣಾಮ ಕಡಿಮೆ.

ಎಷ್ಟು ಒತ್ತಾಗಿ, ಎಷ್ಟು ನುಣ್ಣಗೆ?

ದ್ರಾವಣ ಗಟ್ಟಿಯಾದಷ್ಟೂ, ಅಂದರೆ ಅದರ ಸಾರತೆ ಹೆಚ್ಚಿದಷ್ಟೂ, ಡಿಕ್ಕಿಗಳು ಹೆಚ್ಚಿ ಕ್ರಿಯೆ ಚುರುಕಾಗುವುದು ಸಾಮಾನ್ಯ. ಅನಿಲಗಳಲ್ಲಿ ಒತ್ತಡ ಹೆಚ್ಚಿಸಿದರೂ ಇದೇ ಫಲ. ಆದರೆ ಸಾರತೆ ಇಮ್ಮಡಿಸಿದರೆ ವೇಗವೂ ಇಮ್ಮಡಿಯೇ ಆಗಬೇಕೆಂದಿಲ್ಲ. ಕೆಲವು ಕ್ರಿಯೆಗಳಲ್ಲಿ ನಾಲ್ಕು ಪಟ್ಟಾಗುತ್ತದೆ, ಕೆಲವಲ್ಲಿ ಏನೂ ಬದಲಾಗುವುದಿಲ್ಲ. ಕಾಗದದ ಮೇಲಿನ ಸಮೀಕರಣ ನೋಡಿ ಇದನ್ನು ಹೇಳಲಾಗದು, ಅಳೆದೇ ತಿಳಿಯಬೇಕು.

ಘನವಸ್ತುಗಳಲ್ಲಿ ಲೆಕ್ಕಕ್ಕೆ ಬರುವುದು ಮೇಲ್ಮೈ, ಯಾಕೆಂದರೆ ಒಳಗಿರುವ ಅಣುಗಳಿಗೆ ಯಾರೂ ಬಂದು ಡಿಕ್ಕಿ ಹೊಡೆಯುವುದಿಲ್ಲ. ಒಂದು ಸೆಂಟಿಮೀಟರ್ ಅಳತೆಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರಿನ ಸಾವಿರ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ನುಣ್ಣಗೆ ಪುಡಿ ಮಾಡಿದರೆ 6000. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ, ಗಾಳಿಗೆ ತೆರೆದ ಮುಖ ಮಾತ್ರ ಸಾವಿರ ಪಟ್ಟಾಯಿತು.

ಮರದ ದಿಮ್ಮಿಗೆ ಕಡ್ಡಿ ಗೀರಿ ಹಚ್ಚಿದರೆ ಹೊತ್ತುವುದಿಲ್ಲ, ಆದರೆ ಅದೇ ಮರದ ಒಣ ಧೂಳು ಗಾಳಿಯಲ್ಲಿ ಮೋಡದಂತೆ ಎದ್ದಾಗ ಕಿಡಿ ಬಿದ್ದರೆ ಸ್ಫೋಟ. ಕಲ್ಲಿದ್ದಲು, ಹಿಟ್ಟು, ಅಲ್ಯೂಮಿನಿಯಂ ಪುಡಿ ಎಲ್ಲದಕ್ಕೂ ಇದು ಅನ್ವಯ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ದೊಡ್ಡ ಹಿಟ್ಟಿನ ಗಿರಣಿಯೊಂದು ಹೀಗೇ ಸಿಡಿದು 18 ಜನ ಸತ್ತರು. ಧೂಳಿನ ಕಾರ್ಖಾನೆಗಳಲ್ಲಿ ಅತಿ ಅಪಾಯದ ಗಳಿಗೆ ಮೊದಲ ಸಣ್ಣ ಸ್ಫೋಟದ ನಂತರದ್ದು. ಆ ಹೊಡೆತಕ್ಕೆ ತೊಲೆ, ಕೊಳವೆಗಳ ಮೇಲೆ ಕೂತಿದ್ದ ಧೂಳೆಲ್ಲ ಎದ್ದು ಎರಡನೆಯ, ಬಹಳ ದೊಡ್ಡ ಸ್ಫೋಟಕ್ಕೆ ಇಂಧನವಾಗುತ್ತದೆ. ಕಣ್ಣಿಗೆ ಬೀಳದ ಮೂಲೆಗಳನ್ನು ಗುಡಿಸುವುದೇ ಅಲ್ಲಿ ದೊಡ್ಡ ರಕ್ಷಣೆ. ಗುಡಿಸುವುದಕ್ಕೂ ಒತ್ತಿದ ಗಾಳಿ ಊದಬಾರದು, ಹಾಗೆ ಮಾಡಿದರೆ ಧೂಳಿನ ಮೋಡವನ್ನು ನಾವೇ ಎಬ್ಬಿಸಿದಂತೆ.

ದಿಣ್ಣೆಯನ್ನೇ ತಗ್ಗಿಸುವವರು

ಇಲ್ಲಿಯವರೆಗೆ ಹೇಳಿದ್ದೆಲ್ಲ ದಿಣ್ಣೆ ಹತ್ತುವ ಅಣುಗಳನ್ನು ಹೆಚ್ಚಿಸುವ ಅಥವಾ ಡಿಕ್ಕಿಗಳನ್ನು ಹೆಚ್ಚಿಸುವ ಮಾತು. ಇನ್ನೊಂದು ಉಪಾಯ, ದಿಣ್ಣೆಯ ಪಕ್ಕದಲ್ಲಿ ತಗ್ಗಾದ ಕಣಿವೆದಾರಿಯೊಂದನ್ನು ತೆರೆಯುವುದು. ಈ ಕೆಲಸ ಮಾಡಿ, ತಾನು ಖರ್ಚಾಗದೆ ಹಿಂದಿರುಗುವ ವಸ್ತುವೇ ಕ್ರಿಯಾವರ್ಧಕ.

ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಎಲ್ಲರೂ ಕಂಡಿರುವ ಉದಾಹರಣೆ. ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುವಾಗ ಮೋಲ್‌ಗೆ ಸುಮಾರು 98 ಕಿಲೋಜೂಲ್ ಹೊರಬರುತ್ತದೆ, ಆದರೆ ದಿಣ್ಣೆ ಸುಮಾರು 75 ಕಿಲೋಜೂಲ್ ಇರುವುದರಿಂದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಶೇ 3ರ ದ್ರಾವಣದ 100 ಮಿಲಿಲೀಟರಿಗೆ ಒಂದು ಚಿಟಿಕೆ ಕಪ್ಪು ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ. ಬುರುಬುರು ನೊರೆ ಎದ್ದು ಸುಮಾರು ಒಂದು ಲೀಟರ್ ಆಮ್ಲಜನಕ ಬರುತ್ತದೆ. ನೊರೆ ಅಡಗಿದ ಮೇಲೆ ಸೋಸಿ, ಒಣಗಿಸಿ ತೂಗಿದರೆ ಕಪ್ಪು ಪುಡಿ ಹಾಕಿದಷ್ಟೇ ಇರುತ್ತದೆ. ಗಾಯದ ಮೇಲೆ ನೊರೆ ಬರಿಸುವುದು ರಕ್ತ, ಜೀವಕೋಶಗಳಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ. ಅದರ ಒಂದೇ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯುತ್ತದೆ. ದಿಣ್ಣೆ 75ರಿಂದ 50 ಕಿಲೋಜೂಲ್‌ಗೆ ಇಳಿದರೆ, ಉಳಿದದ್ದೆಲ್ಲ ಸಮನಿದ್ದಾಗ, 25 ಡಿಗ್ರಿಯಲ್ಲಿ ವೇಗ ಸುಮಾರು 24 ಸಾವಿರ ಪಟ್ಟಾಗುತ್ತದೆ.

ಕ್ರಿಯಾವರ್ಧಕದಿಂದ ಹೆಚ್ಚು ಶಕ್ತಿ ಹೊರಬರುವುದಿಲ್ಲ, ಕಣಿವೆಯ ಆಳ ಮೊದಲಿದ್ದಷ್ಟೇ. ಆದರೆ ಅದೇ ಶಕ್ತಿ ಕಡಿಮೆ ಹೊತ್ತಿನಲ್ಲಿ ಬರುತ್ತದೆ. ಶೇ 30ರ ಪೆರಾಕ್ಸೈಡಿಗೆ ಇದೇ ಚಿಟಿಕೆ ಪುಡಿ ಹಾಕುವುದು ಅಪಾಯ, ದ್ರಾವಣ ಕುದಿದು ಚಿಮ್ಮುತ್ತದೆ. ಇಂಥ ಗಟ್ಟಿ ಪೆರಾಕ್ಸೈಡಿಗೆ ತುಕ್ಕಿನ ಚೂರು, ಕೊಳೆಯಾದ ಚಮಚ ತಾಗಬಾರದು, ಬಾಟಲಿಯಿಂದ ಹೊರತೆಗೆದದ್ದನ್ನು ಮತ್ತೆ ಒಳಗೆ ಸುರಿಯಬಾರದು. ಅದರ ಮುಚ್ಚಳದಲ್ಲಿ ಗಾಳಿಗಂಡಿ ಇರುವುದು ನಿಧಾನವಾಗಿ ಹುಟ್ಟುವ ಆಮ್ಲಜನಕ ಹೊರಹೋಗಲಿ ಎಂದು.

ಶಕ್ತಿ ಮತ್ತು ವೇಗದ ಲೆಕ್ಕಗಳು ಒಂದಕ್ಕೊಂದು ಅಡ್ಡ ನಿಲ್ಲುವುದನ್ನು ನೋಡಬೇಕಾದರೆ ಗೊಬ್ಬರದ ಕಾರ್ಖಾನೆಗಳಿಗೆ ಬೇಕಾದ ಅಮೋನಿಯಾದ ತಯಾರಿಕೆಯನ್ನು ನೋಡಬೇಕು. ಸಾರಜನಕ ಮತ್ತು ಜಲಜನಕ ಸೇರಿ ಅಮೋನಿಯಾ ಆಗುವಾಗ ಒಂದು ಮೋಲ್ ಸಾರಜನಕಕ್ಕೆ 92 ಕಿಲೋಜೂಲ್ ಹೊರಬರುತ್ತದೆ. ಆದರೆ ಸಾರಜನಕದ ಮೂರೆಳೆಯ ಬಂಧ ಮುರಿಯಲು 945 ಕಿಲೋಜೂಲ್ ಬೇಕು, ಹಾಗಾಗಿ ದಿಣ್ಣೆ ಎತ್ತರ. ಬಿಸಿ ಮಾಡೋಣವೆಂದರೆ ಇನ್ನೊಂದು ತೊಡಕು. ಈ ಕ್ರಿಯೆ ಹಿಂದಕ್ಕೂ ನಡೆಯುತ್ತದೆ, ಅಮೋನಿಯಾ ಮತ್ತೆ ಒಡೆಯುತ್ತದೆ. ಕಣಿವೆಯ ಕಡೆಯಿಂದ ನೋಡಿದರೆ ದಿಣ್ಣೆ ಆ 92ರಷ್ಟು ಇನ್ನೂ ಎತ್ತರ. ಎತ್ತರದ ದಿಣ್ಣೆಯೇ ತಾಪಕ್ಕೆ ಹೆಚ್ಚು ನಾಜೂಕು ಎಂದು ಆಗಲೇ ನೋಡಿದೆವು. ಅಂದರೆ ಬಿಸಿ ಮಾಡಿದಾಗ ಮುಂದಿನ ಕ್ರಿಯೆಗಿಂತ ಹಿಂದಿನ ಕ್ರಿಯೆಯೇ ಹೆಚ್ಚು ಚುರುಕಾಗಿ ಅಮೋನಿಯಾದ ಪಾಲು ಕುಗ್ಗುತ್ತದೆ. ತಣ್ಣಗಿಟ್ಟರೆ ಪಾಲು ಹೆಚ್ಚು, ಆದರೆ ಕಾಯುತ್ತಾ ಕೂರಬೇಕು. 1909ರಲ್ಲಿ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹೇಬರ್ ತೋರಿಸಿದ, 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಕಾರ್ಖಾನೆಯಾದ ವಿಧಾನ ಒಂದು ರಾಜಿ: ಕಬ್ಬಿಣದ ಕ್ರಿಯಾವರ್ಧಕ, 400ರಿಂದ 500 ಡಿಗ್ರಿ ತಾಪ, ವಾತಾವರಣದ ಸುಮಾರು 200 ಪಟ್ಟು ಒತ್ತಡ. ಇಷ್ಟೆಲ್ಲ ಮಾಡಿದರೂ ಒಂದು ಸುತ್ತಿನಲ್ಲಿ ಅನಿಲದ ಸಣ್ಣ ಪಾಲು ಮಾತ್ರ ಅಮೋನಿಯಾ ಆಗುತ್ತದೆ. ಅದನ್ನು ತಂಪು ಮಾಡಿ ದ್ರವವಾಗಿ ಬೇರೆ ತೆಗೆದು, ಉಳಿದದ್ದನ್ನು ಮತ್ತೆ ಸುತ್ತು ಹೊಡೆಸುತ್ತಾರೆ.

ಕ್ರಿಯಾವರ್ಧಕ ಖರ್ಚಾಗದಿದ್ದರೂ ಕೆಡುತ್ತದೆ. ವಾಹನಗಳ ಹೊಗೆಕೊಳವೆಯಲ್ಲಿ ಹೊಗೆ ಶುದ್ಧಮಾಡುವ ಸಾಧನದೊಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಮೇಲ್ಮೈಗೆ ಪೆಟ್ರೋಲಿನ ಸೀಸ ಅಂಟಿದರೆ ಕ್ರಿಯೆ ನಡೆಯುವ ಜಾಗಗಳೇ ಮುಚ್ಚಿಹೋಗುತ್ತವೆ. ಸೀಸ ಬೆರೆತ ಪೆಟ್ರೋಲಿನ ಜೊತೆ ಆ ಸಾಧನ ಬಾಳದಿರಲು ಇದೇ ಕಾರಣ.

ವೇಗವನ್ನು ಕಣ್ಣಾರೆ ಅಳೆಯುವುದು

ಕ್ರಿಯೆಯ ವೇಗ ಎಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ವಸ್ತು ಬದಲಾಯಿತು ಎಂಬ ಲೆಕ್ಕ. ಇದನ್ನು ಅಳೆಯಲು ಶಾಲಾ ಪ್ರಯೋಗಾಲಯದಲ್ಲೇ ಒಂದು ಸೊಗಸಾದ ವಿಧಾನವಿದೆ. ಒಂದು ಲೀಟರ್ ದ್ರಾವಣದಲ್ಲಿ 40 ಗ್ರಾಂ ಬರುವಂತೆ ಸೋಡಿಯಂ ಥಯೋಸಲ್ಫೇಟ್ ಹರಳುಗಳನ್ನು ಕರಗಿಸಿ. ಶಂಕುವಿನಾಕಾರದ ಗಾಜಿನ ಪಾತ್ರೆಗೆ ಅದರ 50 ಮಿಲಿಲೀಟರ್ ಹಾಕಿ, ಬಿಳಿ ಕಾಗದದ ಮೇಲೆ ಬರೆದ ಕಪ್ಪು ಗುಣಾಕಾರ ಚಿಹ್ನೆಯ ಮೇಲೆ ಇಡಿ. 2 ಮೋಲಾರ್ (ಲೀಟರಿಗೆ 2 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 5 ಮಿಲಿಲೀಟರ್ ಸುರಿದ ಕ್ಷಣವೇ ಗಡಿಯಾರ ಒತ್ತಿ, ಮೇಲಿನಿಂದ ನೋಡುತ್ತಿರಿ.

ಮೊದಲು ಕೆಲವು ಸೆಕೆಂಡ್ ಏನೂ ಆಗದಂತೆ ಕಾಣುತ್ತದೆ. ಆಮೇಲೆ ತೆಳುವಾದ ನೀಲಿ ಮಬ್ಬು, ನಂತರ ಹಾಲಿನಂತೆ ಬಿಳಿ, ಕೊನೆಗೆ ಹಳದಿ. ಗಂಧಕದ ಕಣಗಳು ಹುಟ್ಟಿ ದಪ್ಪವಾಗುತ್ತಿರುವುದೇ ಈ ಬಣ್ಣಗಳ ಆಟ. ಚಿಹ್ನೆ ಪೂರ್ತಿ ಮರೆಯಾದಾಗ ಗಡಿಯಾರ ನಿಲ್ಲಿಸಿ. ಮುಂದಿನ ಸಲ ಥಯೋಸಲ್ಫೇಟ್ 40, 30, 20, 10 ಮಿಲಿಲೀಟರ್ ತೆಗೆದುಕೊಂಡು ನೀರು ಸೇರಿಸಿ ಪ್ರತಿ ಸಲವೂ 50 ಮಾಡಿಕೊಳ್ಳಿ. ಚಿಹ್ನೆ ಮರೆಯಾಗಲು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಗಂಧಕ ಬೇಕು, ಹಾಗಾಗಿ ಒಂದನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗದ ಅಳತೆ ಸಿಗುತ್ತದೆ. ಥಯೋಸಲ್ಫೇಟ್ ಅರ್ಧವಾದರೆ ಕಾಲ ಸುಮಾರು ಇಮ್ಮಡಿಯಾಗುವುದು ಕಾಣುತ್ತದೆ.

ತಪ್ಪಾಗುವುದು ಎಲ್ಲಿ? ನೀರನ್ನು ಆಮ್ಲ ಹಾಕಿದ ಮೇಲೆ ಸೇರಿಸಿದರೆ ಕ್ರಿಯೆ ಆಗಲೇ ಗಟ್ಟಿ ದ್ರಾವಣದಲ್ಲಿ ಶುರುವಾಗಿರುತ್ತದೆ. ಪಾತ್ರೆ ಬದಲಿಸಿದರೆ ದ್ರಾವಣದ ಆಳ ಬದಲಾಗಿ ಚಿಹ್ನೆ ಬೇಗ ಅಥವಾ ತಡವಾಗಿ ಮರೆಯಾಗುತ್ತದೆ. ಹಿಂದಿನ ಗಂಧಕ ಗಾಜಿಗೆ ಅಂಟಿದ್ದರೂ ಅಷ್ಟೆ. ನೋಡುವವರು ಬದಲಾದರೆ ‘ಮರೆಯಾಯಿತು’ ಎಂಬುದರ ಅರ್ಥವೇ ಬದಲಾಗುತ್ತದೆ. ತಾಪದ ಪರಿಣಾಮ ನೋಡುವಾಗ ಬರೆದುಕೊಳ್ಳಬೇಕಾದದ್ದು ಬಿಸಿನೀರಿನ ತೊಟ್ಟಿಯ ತಾಪವನ್ನಲ್ಲ, ಬೆರೆಸಿದ ಮೇಲೆ ಪಾತ್ರೆಯೊಳಗಿನ ತಾಪವನ್ನು. 50 ಡಿಗ್ರಿ ದಾಟಬಾರದು, ಈ ಕ್ರಿಯೆಯಲ್ಲಿ ಉಸಿರು ಕಟ್ಟಿಸುವ ಸಲ್ಫರ್ ಡೈಆಕ್ಸೈಡ್ ಹುಟ್ಟುತ್ತದೆ, ಬಿಸಿಯಲ್ಲಿ ಅದು ಹೆಚ್ಚಾಗಿ ಹೊರಬರುತ್ತದೆ. ಕಿಟಕಿ ತೆರೆದಿರಲಿ, ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ, ಆಸ್ತಮಾ ಇರುವವರು ದೂರ ನಿಲ್ಲಲಿ. ಅಳೆದು ಮುಗಿದ ಕೂಡಲೇ ದ್ರಾವಣವನ್ನು ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿನ ಬಕೆಟ್ಟಿಗೆ ಸುರಿದರೆ ಆಮ್ಲ ಸತ್ತು ಅನಿಲ ನಿಲ್ಲುತ್ತದೆ.

ಶಾಖವೇ ವೇಗ ಹೆಚ್ಚಿಸಿದಾಗ

ಈಗ ಎರಡೂ ಲೆಕ್ಕಗಳನ್ನು ಜೋಡಿಸೋಣ. ಬಹಿರುಷ್ಣಕ ಕ್ರಿಯೆ ಶಾಖ ಬಿಡುತ್ತದೆ. ಶಾಖದಿಂದ ತಾಪ ಏರುತ್ತದೆ. ತಾಪ ಏರಿದರೆ ಕ್ರಿಯೆ ಚುರುಕಾಗುತ್ತದೆ, ಇನ್ನಷ್ಟು ಶಾಖ ಬರುತ್ತದೆ. ಈ ಚಕ್ರವನ್ನು ತಡೆಯುವುದು ಹೊರಗೆ ಸೋರಿಹೋಗುವ ಶಾಖ. ಆದರೆ ಇಬ್ಬರ ಓಟ ಸಮನಲ್ಲ. ಸುತ್ತಲಿಗಿಂತ ತಾಪ 10 ಡಿಗ್ರಿ ಹೆಚ್ಚಿದ್ದಾಗ ಎಷ್ಟು ಸೋರುತ್ತದೋ, 20 ಹೆಚ್ಚಿದ್ದಾಗ ಸುಮಾರು ಅದರ ಎರಡರಷ್ಟು, 30 ಹೆಚ್ಚಿದ್ದಾಗ ಮೂರರಷ್ಟು. ಶಾಖದ ಹುಟ್ಟುವಳಿಯೋ, ಪ್ರತಿ ಹತ್ತು ಡಿಗ್ರಿಗೆ ಇಮ್ಮಡಿಯಾಗುತ್ತಾ ಎರಡು, ನಾಲ್ಕು, ಎಂಟು ಎಂದು ಏರುತ್ತದೆ. ಒಂದು ಹಂತದ ನಂತರ ಹುಟ್ಟುವಳಿಯೇ ಗೆಲ್ಲುತ್ತದೆ. ಅಲ್ಲಿಂದ ಮುಂದೆ ಹೊರಗಿನವರ ಸಹಾಯ ಬೇಕಿಲ್ಲ.

ಗಾತ್ರವೂ ಇಲ್ಲಿ ಶತ್ರು. ಪಾತ್ರೆಯ ಎಲ್ಲ ಅಳತೆಗಳನ್ನು ಹತ್ತು ಪಟ್ಟು ಮಾಡಿದರೆ ಒಳಗಿನ ದ್ರಾವಣ ಸಾವಿರ ಪಟ್ಟಾಗುತ್ತದೆ, ಶಾಖ ಸೋರುವ ಹೊರಮೈ ನೂರು ಪಟ್ಟು ಮಾತ್ರ. ಪ್ರಯೋಗಾಲಯದ ಲೋಟದಲ್ಲಿ ಬೆಚ್ಚಗಾಗಿ ಸುಮ್ಮನಾದ ಕ್ರಿಯೆ ಕಾರ್ಖಾನೆಯ ತೊಟ್ಟಿಯಲ್ಲಿ ಕೈಮೀರುವುದು ಹೀಗೆ.

ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ಬೆಂಕಿಕಡ್ಡಿಯಲ್ಲಿ ಕಂಡಂಥದ್ದೇ ದಿಣ್ಣೆಗಳ ಸರಪಳಿ ಇದೆ. ಎರಡು ವಿದ್ಯುದ್ವಾರಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ, ಸುತ್ತ ಹೊತ್ತಿಕೊಳ್ಳಬಲ್ಲ ದ್ರವ. ಪೆಟ್ಟು ಬಿದ್ದೋ, ಮಿತಿಮೀರಿ ಚಾರ್ಜ್ ಆಗಿಯೋ, ತಯಾರಿಕೆಯ ದೋಷದಿಂದಲೋ ಒಳಗೆ ಒಂದು ಜಾಗ ಬಿಸಿಯಾಯಿತು ಎನ್ನಿ. ಸುಮಾರು 80ರಿಂದ 120 ಡಿಗ್ರಿಯ ನಡುವೆ ಗ್ರಾಫೈಟ್ ವಿದ್ಯುದ್ವಾರದ ಮೇಲಿನ ರಕ್ಷಣಾ ಪದರ ಒಡೆಯಲು ಶುರುವಾಗಿ ಶಾಖ ಬಿಡುತ್ತದೆ. ಸುಮಾರು 130 ಡಿಗ್ರಿಗೆ ಪಾಲಿಥೀನ್ ಪರದೆ ಕರಗುತ್ತದೆ. ಪರದೆ ಪೂರ್ತಿ ಕುಸಿದರೆ ವಿದ್ಯುದ್ವಾರಗಳು ನೇರವಾಗಿ ತಾಗಿ, ಕೂಡಿಟ್ಟ ವಿದ್ಯುತ್ತೆಲ್ಲ ಅಲ್ಲೇ ಶಾಖವಾಗುತ್ತದೆ. 200 ಡಿಗ್ರಿಯ ಆಸುಪಾಸಿನಲ್ಲಿ ನಿಕಲ್, ಕೋಬಾಲ್ಟ್ ಇರುವ ಧನ ವಿದ್ಯುದ್ವಾರ ತನ್ನೊಳಗಿನ ಆಮ್ಲಜನಕವನ್ನು ಬಿಡಲಾರಂಭಿಸುತ್ತದೆ. ಕಬ್ಬಿಣ-ಫಾಸ್ಫೇಟ್ ಬಳಸುವ ಬ್ಯಾಟರಿಗಳಲ್ಲಿ ಆಮ್ಲಜನಕ ರಂಜಕಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಈ ಮೆಟ್ಟಿಲು ಇನ್ನೂ ಮೇಲಿದೆ. ಅವು ಸುಲಭಕ್ಕೆ ಕೈಮೀರದಿರಲು ಇದೊಂದು ಮುಖ್ಯ ಕಾರಣ.

ಒಳಗೆ ಕೂಡಿಟ್ಟ ಶಕ್ತಿ ಕಡಿಮೆ ಇದ್ದರೆ ಪ್ರತಿ ಮೆಟ್ಟಿಲಿನಲ್ಲೂ ಹುಟ್ಟುವ ಶಾಖ ಕಡಿಮೆ, ಮುಂದಿನ ಮೆಟ್ಟಿಲು ತಲುಪುವ ಸಂಭವವೂ ಕಡಿಮೆ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ವಿಮಾನದಲ್ಲಿ ಸರಕಾಗಿ ಸಾಗಿಸುವಾಗ ಚಾರ್ಜ್ ಶೇ 30ನ್ನು ಮೀರಬಾರದು ಎಂಬ ಅಂತರರಾಷ್ಟ್ರೀಯ ನಿಯಮದ ಹಿಂದಿರುವುದು ಇದೇ ಲೆಕ್ಕ. ಉಬ್ಬಿದ ಬ್ಯಾಟರಿ ಎಂದರೆ ಒಳಗೆ ಬೇಡದ ಕ್ರಿಯೆಗಳು ಆಗಲೇ ನಡೆದು ಅನಿಲ ತುಂಬಿದೆ ಎಂದರ್ಥ. ಅದನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜಿಗೆ ಹಾಕಬಾರದು. ಹೊತ್ತಿ ಉರಿಯಬಲ್ಲ ವಸ್ತುಗಳಿಂದ ದೂರವಿಟ್ಟು, ಹಳೆಯ ಬ್ಯಾಟರಿ ಪಡೆಯುವ ಕೇಂದ್ರಕ್ಕೆ ಒಪ್ಪಿಸಬೇಕು.

ವಾಹನದ ಬ್ಯಾಟರಿ ಹೊತ್ತಿಕೊಂಡಾಗ ಅಗ್ನಿಶಾಮಕ ಸಿಬ್ಬಂದಿ ಜ್ವಾಲೆ ಆರಿದ ಮೇಲೂ ಬಹಳ ಹೊತ್ತು ನೀರು ಸುರಿಯುತ್ತಲೇ ಇರುತ್ತಾರೆ. ಬರೀ ಗಾಳಿ ತಡೆದು ಅದನ್ನು ನಂದಿಸಲಾಗದು, ಒಳಗಿನ ಕ್ರಿಯೆಗಳಿಗೆ ಹೊರಗಿನ ಗಾಳಿಯ ಹಂಗಿಲ್ಲ. ಮಾಡಬೇಕಾದದ್ದು ನೂರಾರು ಕೋಶಗಳ ಕಟ್ಟಿನ ನಡುಭಾಗವನ್ನೂ ಮೊದಲ ಮೆಟ್ಟಿಲಿಗಿಂತ ಕೆಳಗಿನ ತಾಪಕ್ಕೆ ಇಳಿಸುವುದು. ಹೊರಗವಚ ತಣ್ಣಗಾಗಿದ್ದರೂ ಒಳಗೆ ಒಂದೇ ಕೋಶ ಬಿಸಿಯಾಗಿ ಉಳಿದರೆ ಸಾಕು, ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ, ಅದು ಪಕ್ಕದ ಕೋಶವನ್ನು ದಿಣ್ಣೆ ದಾಟಿಸಿ ಬೆಂಕಿ ಮತ್ತೆ ಏಳುತ್ತದೆ. ಹಾಗಾಗಿಯೇ ಸುಟ್ಟ ವಾಹನವನ್ನು ಕಟ್ಟಡಗಳಿಂದ, ಬೇರೆ ವಾಹನಗಳಿಂದ ದೂರ ನಿಲ್ಲಿಸಿ, ತಾಪ ತೋರಿಸುವ ಕ್ಯಾಮೆರಾದಲ್ಲಿ ಮತ್ತೆ ಮತ್ತೆ ನೋಡುತ್ತಿರುತ್ತಾರೆ.